ನಾವಿಬ್ಬರು ಆರಿಸಿದ ಹೆಸರು

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಮೊಬೈಲಿನಲ್ಲಿ ಹುಡುಕಿ ನೋಡುತ್ತೀರಿ. ನೋಡಿದರೆ ಪರದೆಯ ತುಂಬ ಇಸ್ಪೀಟಿನ ಎಲೆಗಳು ಉದುರುತ್ತವೆ, ಬಂಗಾರದ ಬಣ್ಣದ ಅಕ್ಷರಗಳು ಬಾ, ಆಡು ಎಂದು ಕರೆಯುತ್ತವೆ. ಹೋದ ವರ್ಷ ಅದೇ ಜಾಗದಲ್ಲಿ ನಾವು ಬಡಿದ ಖಡಕ್ ರೊಟ್ಟಿಯ ಚಿತ್ರವಿತ್ತು. ಪಕ್ಕದಲ್ಲಿ ಶೇಂಗಾ ಹಿಂಡಿಯ ಬಟ್ಟಲಿತ್ತು. ಬಟ್ಟಲಿನ ಅಂಚಿನಲ್ಲಿ, ಚಿತ್ರ ತೆಗೆಯುವಾಗ ಸರಿಸಲು ಮರೆತ ಅಕ್ಕನ ಎರಡು ಬೆರಳುಗಳಿದ್ದವು.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ರೋಣದ ಒಂದೇ ಮನೆಗೆ ಅವಳು ಶಿರೋಳದಿಂದ ಸೊಸೆಯಾಗಿ ಬಂದಳು, ಆರು ವರ್ಷದ ಮೇಲೆ ನಾನು ಜಕ್ಕಲಿಯಿಂದ ಬಂದೆ. ಒಲೆ ಒಂದೇ, ಜಗಳ ದಿನಕ್ಕೆ ಎರಡು. ಉಪ್ಪು ಹೆಚ್ಚಾಯಿತೆಂದು ಒಂದು, ಕಡಿಮೆಯಾಯಿತೆಂದು ಇನ್ನೊಂದು. ಸಂಜೆ ಚಹಾಕ್ಕೆ ಮಾತ್ರ ಇಬ್ಬರೂ ಒಂದೇ ಬಸಿಯಲ್ಲಿ ಕುಡಿಯುತ್ತಿದ್ದೆವು. ನಮ್ಮಿಬ್ಬರನ್ನು ನೋಡಿದವರು ಅಕ್ಕತಂಗಿಯರೆಂದೇ ತಿಳಿಯುತ್ತಿದ್ದರು. ಅಲ್ಲ ಎಂದು ಹೇಳಲು ಇಬ್ಬರಿಗೂ ಬೇಸರ.

ನಮ್ಮ ಮನೆತನದಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ. ಅಕ್ಷತೆ ಬಿದ್ದ ಮೇಲೆ ಒಂದು ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಮಾವನವರು ಹೇಳಿದ ಹೆಸರನ್ನು ಮದುಮಗ ಉಂಗುರದ ತುದಿಯಿಂದ ಅಕ್ಕಿಯಲ್ಲಿ ಬರೆಯುತ್ತಾನೆ. ಅಷ್ಟಾದರೆ ಮುಗಿಯಿತು, ಇಪ್ಪತ್ತು ವರ್ಷ ನಿನ್ನನ್ನು ಕರೆದ ಹೆಸರು ತವರಿನಲ್ಲೇ ಉಳಿಯಿತು. ನಿನಗೆ ಯಾವುದು ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನನ್ನ ಹೊಸ ಹೆಸರು ಬರೆದ ಅಕ್ಕಿಯನ್ನು ಮರುದಿನ ಅಕ್ಕನೇ ಉಳಿದ ಅಕ್ಕಿಯ ಜೊತೆ ಬೇಯಿಸಿದಳಂತೆ. "ನಿನ್ನ ಹೆಸರ ನಾವೆಲ್ಲಾರೂ ಉಂಡೇವಿ ನೋಡ," ಎಂದು ಎಷ್ಟೋ ಸಲ ಹೇಳಿ ನಕ್ಕಿದ್ದಳು. ಆಗ ನಾನೂ ನಗುತ್ತಿದ್ದೆ.

ಗಂಡಸರಿಬ್ಬರೂ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಅದರ ಬೋರ್ಡಿನ ಮೇಲೆ ಮಾವನವರ ಹೆಸರಿತ್ತು. ನಾವು ನಾಲ್ಕೈದು ವರ್ಷದಿಂದ ಹಿತ್ತಲ ಪಡಸಾಲೆಯಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದೆವು. ಮೊದಲು ಓಣಿಯವರು ಕೊಂಡರು, ಆಮೇಲೆ ಗಜೇಂದ್ರಗಡ, ನರಗುಂದದ ಅಂಗಡಿಗಳು. ಕಡೆಗೆ ಹುಬ್ಬಳ್ಳಿ, ಪುಣೆಯವರು ಕೊರಿಯರಿನಲ್ಲಿ ಕಳಿಸಿ ಎಂದು ಕೇಳತೊಡಗಿದರು. ಪುಣೆಯ ಒಬ್ಬ ಗಿರಾಕಿ ಹೆಂಗಸು, "ನಿಮ್ಮದೊಂದು ವೆಬ್‌ಸೈಟ್ ಇದ್ದರೆ ನಮ್ಮ ಸೊಸೈಟಿಯವರಿಗೆಲ್ಲ ಕಳಿಸುತ್ತಿದ್ದೆ" ಎಂದಳು. ಅಕ್ಕನ ತಲೆಯಲ್ಲಿ ಅದು ಕೂತುಬಿಟ್ಟಿತು. ಅವಳ ತಲೆಯಲ್ಲಿ ಏನಾದರೂ ಕೂತರೆ ನಮ್ಮ ಮನೆಯಲ್ಲಿ ಅದನ್ನು ಎಬ್ಬಿಸುವವರು ಇರಲಿಲ್ಲ.

ತಹಶೀಲ್ದಾರ ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದೆ. ಹೊಲದ ಉತಾರ ತೆಗೆಸುವವರು, ಝೆರಾಕ್ಸ್ ಮಾಡಿಸುವವರು, ಪಿಂಚಣಿ ಅರ್ಜಿಯವರು ಅಲ್ಲಿ ತುಂಬಿರುತ್ತಾರೆ. ಅಂಗಡಿಯಾತ ಬೆಳವಣಕಿಯವರು, ನಮ್ಮ ವಾರಿಗೆಯವರೇ. ವೆಬ್‌ಸೈಟನ್ನೂ ತಾವೇ ಮಾಡಿಕೊಡುವುದಾಗಿ ಹೇಳಿ ನಮ್ಮಿಬ್ಬರನ್ನು ಬೆಂಚಿನ ಮೇಲೆ ಕೂರಿಸಿದರು.

"ಮೊದಲ ಹೆಸರ ಹೇಳ್ರಿ. ಜಗತ್ತಿನ್ಯಾಗ ಯಾರೂ ಇಟ್ಟಿರಬಾರದ್ರಿ, ಅಂಥಾದ್ದ ಬೇಕು."

ಜಗತ್ತಿನಲ್ಲಿ ಯಾರೂ ಇಡದ ಹೆಸರು! ನಾವು ಮನೆಯಿಂದ ಒಂದು ಪಟ್ಟಿ ತಂದಿದ್ದೆವು. ಭಾವನವರು ಮನೆದೇವರ ಹೆಸರು ಹೇಳಿದ್ದರು, ನನ್ನ ಗಂಡ ತಮ್ಮ ತಂದೆಯ ಹೆಸರು. ಮನೆದೇವರು ಆಗಲೇ ಯಾರದೋ ಸಿಮೆಂಟಿನ ಅಂಗಡಿಯಾಗಿದ್ದ. ಮಾವನವರ ಹೆಸರಿನಲ್ಲಿ ಎಲ್ಲಿಯದೋ ಒಂದು ಲಾರಿ ಕಂಪನಿ ಇತ್ತು. ಊರಿನ ಹೆಸರಿಗೆ ರೊಟ್ಟಿ ಸೇರಿಸಿದೆವು, ಹೋಗಿತ್ತು. ಜೋಳ ಸೇರಿಸಿದೆವು, ಅದೂ ಹೋಗಿತ್ತು. ಅವ್ವ, ಅಮ್ಮ, ಅಜ್ಜಿ ಎಲ್ಲ ಹಾಕಿ ನೋಡಿದೆವು. ಇಡೀ ಕರ್ನಾಟಕದ ಅವ್ವಂದಿರು ನಮಗಿಂತ ಮೊದಲೇ ಇಂಟರ್‌ನೆಟ್ಟಿಗೆ ಹೋಗಿ ಕೂತಿದ್ದರು. ಅಂಗಡಿಯಾತ ಒಂದೊಂದು ಹೆಸರು ಒತ್ತಿದಾಗಲೂ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತಿತ್ತು. "ಇದೂ ಹೋಗೇತ್ರಿ," ಎಂದು ಅವರು ಹೇಳುವ ಮೊದಲೇ ನಮಗೆ ಗೊತ್ತಾಗುತ್ತಿತ್ತು.

ಮೂರು ದಿನ ಹೀಗೇ ಹೋಗಿ ಬಂದೆವು. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತ ಅಕ್ಕ ತಟ್ಟನೆ ಕೈ ನಿಲ್ಲಿಸಿದಳು.

"ನಿನ್ನ ತವರಮನಿ ಹೆಸರ ಏನಿತ್ತ?"

ಹೇಳಿದೆ. ಹೇಳುವಾಗ ನನಗೇ ಅದು ಬೇರೆ ಯಾರದೋ ಎನ್ನಿಸಿತು. ಅವಳು ತನ್ನದನ್ನೂ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ಕೇಳಿದ್ದು ಹೆಚ್ಚೆಂದರೆ ಎರಡು ಸಲ, ಬ್ಯಾಂಕಿನವರ ಬಾಯಿಂದ. ಅವಳ ಹೆಸರಿನ ಮೊದಲ ಅರ್ಧ, ನನ್ನ ಹೆಸರಿನ ಕೊನೆಯ ಅರ್ಧ ಸೇರಿಸಿ ಅವಳು ಒಮ್ಮೆ ಗಟ್ಟಿಯಾಗಿ ಅಂದಳು. ಇನ್ನೊಮ್ಮೆ ಅಂದಳು. ಒಲೆಯ ಮೇಲಿನ ರೊಟ್ಟಿ ಸೀದಿತು, ಇಬ್ಬರೂ ನೋಡಲಿಲ್ಲ.

"ಅಕ್ಕಾ, ಇದಕ್ಕ ಅರ್ಥ ಏನರ ಐತೇನು?" ಎಂದೆ.

"ಇಲ್ಲದಿದ್ರ ಬಿಡ. ನಮಗಿಟ್ಟ ಹೆಸರಿಗೆ ಭಾಳ ಅರ್ಥ ಇತ್ತೇನು?"

ಅಂದು ಪರದೆಯ ಮೇಲೆ ಮೊದಲ ಸಲ ಹಸಿರು ಅಕ್ಷರ ಬಂತು. ಅಂಗಡಿಯಾತನಿಗೂ ಖುಷಿಯಾಗಿ ಎದ್ದು ನಿಂತರು. ಆದರೆ ಅಕ್ಕ ಅಂದೇ ತೆಗೆದುಕೊಳ್ಳಲು ಬಿಡಲಿಲ್ಲ, ಯುಗಾದಿ ಮುಗಿಯಲಿ ಎಂದಳು. ಆ ಆರು ದಿನ ಯಾರಾದರೂ ನಮ್ಮ ಹೆಸರನ್ನು ಹಾರಿಸಿಕೊಂಡು ಹೋದಾರೆಂದು ನನಗೆ ನಿದ್ದೆ ಇಲ್ಲ. ಓಣಿಯಲ್ಲಿ ಯಾರೆದುರೂ ಬಾಯಿ ಬಿಡಲಿಲ್ಲ. ಮನೆಯಲ್ಲೂ ಪಿಸುಮಾತಿನಲ್ಲೇ ಅನ್ನುತ್ತಿದ್ದೆವು.

ಈಗ ನನ್ನ ತಪ್ಪುಗಳನ್ನು ಹೇಳಬೇಕು.

ನಮ್ಮಲ್ಲಿ ಏನು ಹೊಸದನ್ನು ಶುರು ಮಾಡಿದರೂ ಅಕ್ಕನ ಕೈಯಿಂದಲೇ ಮಾಡಿಸುತ್ತಿದ್ದೆವು. ಅವಳ ಕೈಗುಣ ಅಂಥದ್ದು ಎಂದು ಮನೆಯವರೆಲ್ಲ ನಂಬಿದ್ದರು. ಎರಿ ಹೊಲದ ಬಿತ್ತನೆಗೆ ಮೊದಲ ಹಿಡಿ ಅವಳದೇ. ಅಡತಿಯ ಹೊಸ ತಕ್ಕಡಿಗೆ ಕುಂಕುಮ ಹಚ್ಚಿದ್ದು ಅವಳು. ನನ್ನ ಮಗಳಿಗೆ ಮೊದಲ ತುತ್ತು ಉಣ್ಣಿಸಿದ್ದೂ ಅವಳೇ. ಹಾಗಾಗಿ ಅಂಗಡಿಯಾತ "ಯಾರ ನಂಬರಿಗೆ ಮಾಡೂನ್ರಿ?" ಎಂದು ಕೇಳಿದಾಗ ನಾನೇ ಮುಂದೆ ಬಿದ್ದು, "ಅಕ್ಕನ ನಂಬರಿಗೇ ಮಾಡ್ರಿ, ಆಕಿ ಕೈಗುಣ ಚಲೋ ಐತಿ," ಎಂದೆ. ನಂಬರು ಅವಳದು, ಇಮೇಲು ಅವಳ ಫೋನಿನದು. ಹೆಸರು ಮಾತ್ರ ಅಂಗಡಿಯಾತ ತಮಗೆ ಗೊತ್ತಿದ್ದ ಹಾಗೆ ಬರೆದರು, ಅಂದರೆ ಅಕ್ಕಿಯಲ್ಲಿ ಬರೆದ ಹೆಸರು. ಆಧಾರ ಕಾರ್ಡಿನಲ್ಲಿ ಅಕ್ಕ ಇನ್ನೂ ಶಿರೋಳದ ಹುಡುಗಿಯೇ ಆಗಿದ್ದಳು. ಅದು ಅಂದು ಯಾರಿಗೂ ನೆನಪಾಗಲಿಲ್ಲ.

"ಒಂದ ವರ್ಷಕ್ಕೋ, ಐದ ವರ್ಷಕ್ಕೋ?" ಎಂದು ಅವರು ಕೇಳಿದರು.

"ಐದ ವರ್ಷದ್ದ ತಗೊಳ್ಳೂಣು," ಎಂದಳು ಅಕ್ಕ.

ನಾನು ಚೇಷ್ಟೆಗೆಂದು, "ಒಂದ ಸಾಕ್ರಿ. ವರ್ಷದಾಗ ನಾವಿಬ್ರೂ ಜಗಳಾಡಿ ಬ್ಯಾರೆ ಆದ್ರ ಉಳಿದ ನಾಲ್ಕ ವರ್ಷ ಯಾರ ಇಟ್ಕೋಬೇಕು?" ಎಂದೆ. ಅಂಗಡಿಯಲ್ಲಿದ್ದ ಉತಾರದ ಗಿರಾಕಿಗಳೂ ನಕ್ಕರು. ಅಕ್ಕ ನನ್ನ ತೊಡೆ ಚಿವುಟಿ, "ಆತ್ರಿ, ಒಂದಕ್ಕ ಮಾಡ್ರಿ, ಇಕಿ ಭಾಳ ಶಾಣ್ಯಾಕಿ," ಎಂದಳು.

ಎಲ್ಲ ಮುಗಿದು ಪರದೆಯ ಮೇಲೆ ಆ ಹೆಸರು ನಮ್ಮದೆಂದು ಬಂದಾಗ ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಕಂಪ್ಯೂಟರಿನ ಹತ್ತಿರ ಬಗ್ಗಿ, ತೊಟ್ಟಿಲ ಕೂಸಿನ ಕಿವಿಯಲ್ಲಿ ಸೋದರತ್ತೆ ಹೇಳುವ ಹಾಗೆ "ಕುರ್‌ರ್" ಎಂದು ಆ ಹೆಸರು ಹೇಳಿದಳು. ಹೆಸರಿಟ್ಟವಳಿಗೆ ಗುದ್ದುವ ಪದ್ಧತಿಯಂತೆ ನಾನು ಅವಳ ಬೆನ್ನಿಗೆ ಗುದ್ದಿದೆ. ತುಸು ಜೋರಾಗಿಯೇ ಬಿತ್ತು. "ಸಾಯಿಸ್ತೀಯೇನ!" ಎಂದು ಬೈದಳು.

ನರಗುಂದದಲ್ಲಿ ಲೇಬಲ್ಲು ಮುದ್ರಿಸಿ ತಂದೆವು. ಮೇಲೆ ನಮ್ಮ ಹೆಸರು, ಕೆಳಗೆ ಅವಳ ನಂಬರು, ಅದರ ಕೆಳಗೆ ನನ್ನದು. ಸೈಟು ನಡೆಯಿತು. ಪುಣೆಯ ಸೊಸೈಟಿಯವರು ತರಿಸಿಕೊಂಡರು, ಅವರ ನೆಂಟರು ತರಿಸಿಕೊಂಡರು. ಅಕ್ಕ ದಿನಕ್ಕೊಮ್ಮೆಯಾದರೂ ಫೋನಿನಲ್ಲಿ ನಮ್ಮ ಸೈಟು ತೆಗೆದು, ಅದು ಅಲ್ಲೇ ಇದೆಯೇ ಎಂದು ನೋಡುತ್ತಿದ್ದಳು. ಹಿಟ್ಟಿನ ಕೈಯಿಂದ ಒತ್ತಿ ಒತ್ತಿ ಅವಳ ಫೋನಿನ ಗಾಜಿನ ಅಂಚಿನಲ್ಲಿ ಬಿಳಿ ಗೆರೆ ಕೂತಿತ್ತು.

ಶ್ರಾವಣದ ಒಂದು ಮುಂಜಾನೆ ಎದೆ ಹಿಡಿದುಕೊಂಡು ಒಲೆಯ ಮುಂದೆ ಕೂತಳು. ಅಸಿಡಿಟಿ ಎಂದಳು, ನಾನು ಸೋಡಾ ಕೊಟ್ಟೆ. ಗದಗಿನ ದವಾಖಾನೆಗೆ ಹೊರಟ ಗಾಡಿ ಅರ್ಧ ದಾರಿಯಿಂದ ತಿರುಗಿ ಬಂತು.

ಅದರ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ತಿಂಗಳು ರೊಟ್ಟಿ ಬಡಿಯಲಿಲ್ಲ. ಆಮೇಲೆ ಬಡಿದೆ, ಏಕೆಂದರೆ ಕೂತರೆ ಹುಚ್ಚು ಹಿಡಿಯುತ್ತಿತ್ತು. ಲೇಬಲ್ಲಿನ ಮೇಲಿನ ಅವಳ ನಂಬರನ್ನು ಒಂದೊಂದಾಗಿ ಪೆನ್ನಿನಿಂದ ಹೊಡೆದುಹಾಕಿದೆ. ಭಾವನವರು ಅವಳ ಫೋನನ್ನು ಬಂದ್ ಮಾಡಿ ಕಪಾಟಿನಲ್ಲಿ ಇಟ್ಟರು. "ಯಾರರ ಫೋನ್ ಮಾಡಿ ಆಕಿನ್ನ ಕೇಳಿದ್ರ ಏನಂತ ಹೇಳ್ಲಿ?" ಎಂದು ನನ್ನ ಮುಖ ನೋಡಿದರು. ಕಪಾಟಿನ ಬೀಗ ಹಾಕಿದ್ದು ನಾನೇ. ಆ ಫೋನಿಗೆ ರೀಚಾರ್ಜ್ ಮಾಡಬೇಕು, ಮಾಡದಿದ್ದರೆ ನಂಬರು ಸಾಯುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಪುಣೆಯಿಂದ ಫೋನು ಬಂತು. "ನಿಮ್ಮ ಸೈಟು ತೆರೆಯುತ್ತಿಲ್ಲವಲ್ಲ, ಅಂಗಡಿ ಮುಚ್ಚಿದಿರಾ?"

ಕೈಯನ್ನೂ ತೊಳೆಯದೆ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯಾತ ನೋಡಿ, "ವರ್ಷ ತುಂಬೇತ್ರಿ. ಅಂಜಬ್ಯಾಡ್ರಿ, ಇನ್ನೂ ಒಂದ ತಿಂಗಳ ಟೈಮ್ ಐತಿ. ಆ ನಂಬರಿಗೆ ಓಟಿಪಿ ಬರ್ತೈತಿ, ಅದನ್ನಷ್ಟ ಹೇಳ್ರಿ," ಎಂದರು. ಹೇಳಿದ ಮೇಲೆ ಅವರಿಗೇ ನೆನಪಾಗಿ ತಲೆ ತಗ್ಗಿಸಿದರು.

ಮನೆಗೆ ಬಂದು ಕಪಾಟು ತೆಗೆದು ಫೋನು ಚಾರ್ಜಿಗೆ ಹಾಕಿದೆ. ಗಾಜಿನ ಅಂಚಿನ ಬಿಳಿ ಗೆರೆ ಹಾಗೇ ಇತ್ತು. ಫೋನು ಎಚ್ಚರಾಯಿತು, ಆದರೆ ಸಿಮ್ಮಿಗೆ ಜೀವವಿರಲಿಲ್ಲ. ಇಮೇಲು ತೆರೆಯಲು ನೋಡಿದರೆ ಅದೂ ಆ ನಂಬರಿನ ಓಟಿಪಿಯನ್ನೇ ಕೇಳಿತು. ನನ್ನ ಫೋನಿನಲ್ಲಿ ಅವಳ ನಂಬರು "ಅಕ್ಕ" ಎಂದೇ ಇತ್ತು, ಹಣೆಗೆ ಹಿಟ್ಟು ಮೆತ್ತಿಕೊಂಡ ಒಂದು ಫೋಟೋದ ಜೊತೆ. ಅದನ್ನು ಒತ್ತಲು ನನಗೆ ಎರಡು ದಿನ ಬೇಕಾಯಿತು. ರಿಂಗಾಗಲಾರದು ಎಂದುಕೊಂಡಿದ್ದೆ. ಆಯಿತು. ಮೂರನೆಯ ರಿಂಗಿಗೆ ಒಬ್ಬ ಹೆಣ್ಣುಮಗಳು ಎತ್ತಿದಳು.

"ಹಲೋ, ಯಾರ್ರಿ?"

ಸಣ್ಣ ವಯಸ್ಸಿನ ದನಿ. ತಾನು ಗಜೇಂದ್ರಗಡದಾಕೆ, ಸೀರೆಗೆ ಕುಚ್ಚು ಕಟ್ಟುವ ಕೆಲಸ, ಈ ನಂಬರು ಹೊಸದಾಗಿ ತೆಗೆದುಕೊಂಡಿದ್ದು ಎಂದಳು. ನಾನು ಎಲ್ಲ ಹೇಳಿದೆ. ಅಕ್ಕನ ಸುದ್ದಿ, ರೊಟ್ಟಿಯ ಸುದ್ದಿ, ಹೆಸರಿನ ಸುದ್ದಿ ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ, "ಯವ್ವಾ, ನಿನ್ನ ಫೋನಿಗೆ ಒಂದ ಓಟಿಪಿ ಬರ್ತೈತಿ, ಅದನ್ನ ನನಗ ಹೇಳ್ತೀಯೇನ?" ಎಂದೆ.

ಅವಳ ದನಿ ಬದಲಾಯಿತು. "ಓಟಿಪಿ ಯಾರಿಗೂ ಹೇಳಬಾರದು ಅಂತ ದಿನಾ ಹೇಳ್ತಾರ್ರಿ. ಸತ್ತವರ ಹೆಸರ ತಗೊಂಡ ಹಿಂಗ ಮೋಸ ಮಾಡಾಕ ಹತ್ತೀರಲ್ಲಾ, ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

ಫೋನು ಇಟ್ಟಳು. ಮರುದಿನ ಕಂಪ್ಯೂಟರ್ ಅಂಗಡಿಯಾತ ಓಟಿಪಿ ಕಳಿಸುವ ಗುಂಡಿ ಒತ್ತಿ, ನನ್ನ ನಂಬರನ್ನು ಅವಳು ಬ್ಲಾಕ್ ಮಾಡಿದ್ದರಿಂದ ತಮ್ಮ ಫೋನಿನಿಂದ ಅವಳಿಗೆ ಹಚ್ಚಿದರು. ಗಂಡಸಿನ ದನಿ ಕೇಳಿ ಇನ್ನೂ ಹೆದರಿದಳೇನೋ, ಪೊಲೀಸರಿಗೆ ಹೇಳುತ್ತೇನೆ ಎಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಂಗಡಿಯಲ್ಲೇ ಅವಳ ಏಳು ತಲೆಮಾರನ್ನು ಬೈದೆ. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದರೆ, ನನ್ನ ಮಗಳಿಗೆ ನಾನು ಕಲಿಸಿದ್ದೂ ಅದನ್ನೇ.

ಆಮೇಲೆ ನಮಗೆ ಆ ಹೆಸರು ಮಾರಿದ ಕಂಪನಿಯವರಿಗೆ ಫೋನು ಮಾಡಿದೆವು. ಒಂದು ಸಲ ಹಿಂದಿಯಲ್ಲಿ, ಒಂದು ಸಲ ಇಂಗ್ಲಿಷಿನಲ್ಲಿ ಅಂಗಡಿಯಾತನೇ ಮಾತಾಡಿದರು. ಮರಣದ ಪ್ರಮಾಣಪತ್ರ ಕಳಿಸಿ, ಗುರುತಿನ ಕಾರ್ಡು ಕಳಿಸಿ ಎಂದರು, ಕಳಿಸಿದೆವು. ಭಾವನವರು ಎಲ್ಲ ಕಡೆ ಸಹಿ ಹಾಕಿಕೊಟ್ಟರು. ಹನ್ನೆರಡು ದಿನಕ್ಕೆ ಉತ್ತರ ಬಂತು. ಖಾತೆ ಇರುವುದು ಒಬ್ಬರ ಹೆಸರಿನಲ್ಲಿ, ತೀರಿಕೊಂಡಿರುವುದು ಇನ್ನೊಬ್ಬರು. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ದಾಖಲೆ ಕಳಿಸಿ.

ಯಾವ ದಾಖಲೆ ಕಳಿಸಲಿ? ಅಕ್ಕಿಯ ತಾಟನ್ನೇ? ಮದುವೆಯ ಫೋಟೋ ಹುಡುಕಿದೆವು. ಅದರಲ್ಲಿ ಭಾವನವರು ಉಂಗುರ ಹಿಡಿದು ತಾಟಿನ ಮೇಲೆ ಬಗ್ಗಿದ್ದಾರೆ, ಅಕ್ಕ ತಲೆ ತಗ್ಗಿಸಿದ್ದಾಳೆ, ಅಕ್ಕಿಯಲ್ಲಿ ಬರೆದದ್ದು ಕಾಣುವುದಿಲ್ಲ. ಅಫಿಡವಿಟ್ ಮಾಡಿಸಲು ವಕೀಲರ ಹತ್ತಿರ ಹೋದೆವು. ಮಾಡಿಸಿದೆವು, ಕಳಿಸಿದೆವು. ಪರಿಶೀಲಿಸುತ್ತಿದ್ದೇವೆ ಎಂದರು. ಅಷ್ಟರಲ್ಲಿ ತಿಂಗಳು ಮುಗಿಯಿತು, ಅದರ ಮೇಲಿನ ವಾಯಿದೆಯೂ ಮುಗಿಯಿತು. ಒಂದು ಮಧ್ಯಾಹ್ನ ಅಂಗಡಿಯಾತ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಸ್ಪೀಟಿನ ಎಲೆಗಳು ಉದುರುತ್ತಿದ್ದವು. ಬಿಟ್ಟುಹೋದ ಹೆಸರುಗಳನ್ನು ಕಾದು ಹಿಡಿಯುವವರು ಇರುತ್ತಾರಂತೆ.

"ಬ್ಯಾರೆ ಹೆಸರ ಹೇಳ್ರಿ ಅಕ್ಕಾರ, ಈಗ ಮಾಡಿಬಿಡ್ತೇನಿ," ಎಂದರು. ಒಳ್ಳೆಯ ಮನುಷ್ಯ. ಹೆಸರು ಬರೆಯುವ ಖಾಲಿ ಚೌಕದಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತಿತ್ತು. ಊರು, ದೇವರು, ಅವ್ವ, ಅಜ್ಜಿ, ಎಲ್ಲ ನೆನಪಾದವು, ಒಂದೂ ಬಾಯಿಗೆ ಬರಲಿಲ್ಲ. ನನ್ನ ತವರಿನ ಹೆಸರಿನ ಅರ್ಧ ಆ ಇಸ್ಪೀಟಿನ ಹಿಂದೆ ಸಿಕ್ಕಿಬಿದ್ದಿತ್ತು, ಉಳಿದ ಅರ್ಧದ ಹೆಂಗಸು ಮಣ್ಣಿನಲ್ಲಿದ್ದಳು. ಬೇಡ್ರಿ ಎಂದು ಎದ್ದುಬಂದೆ. ಅಂದಿನಿಂದ ನನಗೆ ಯಾವುದರಲ್ಲೂ ಮನಸ್ಸಿಲ್ಲ. ಅವಳು ಸತ್ತಾಗ ಅತ್ತಿದ್ದಕ್ಕಿಂತ ಹೆಚ್ಚು ಅಂದು ಅತ್ತೆ, ಇದನ್ನು ಯಾರಿಗೂ ಹೇಳಿಲ್ಲ. ಸಾವು ನನ್ನ ಕೈಯಲ್ಲಿ ಇರಲಿಲ್ಲ. ಆದರೆ ಐದು ವರ್ಷ ಬೇಡ, ಒಂದೇ ಸಾಕು ಎಂದದ್ದು ನನ್ನ ನಾಲಗೆ.

ಆಮೇಲೆ ಒಂದು ತಿಂಗಳಾಗಿರಬಹುದು. ಮುಂಜಾನೆ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದೆ. ಹಲಗೆಯ ಪಕ್ಕದಲ್ಲಿಟ್ಟ ಫೋನು ನಡುಗಿತು. ಪರದೆಯ ಮೇಲೆ "ಅಕ್ಕ" ಎಂದು ಬಂತು, ಹಣೆಗೆ ಹಿಟ್ಟು ಮೆತ್ತಿದ ಮುಖ ಬಂತು. ಒಂದು ಗಳಿಗೆ ನನಗೆ ಎಲ್ಲ ಮರೆತುಹೋಯಿತು. ಯಾಕಿಷ್ಟು ತಡ ಮಾಡಿದಿ ಎಂದು ಬೈಯಲು ಬಾಯಿ ತೆರೆದು, ಹಿಟ್ಟಿನ ಬೆರಳಿನಿಂದಲೇ ಒತ್ತಿದೆ.

"ಅಕ್ಕಾರ, ನಾನ್ರಿ, ಗಜೇಂದ್ರಗಡದಾಕಿ. ಅವತ್ತ ನಿಮಗ ಬಾಯಿಗೆ ಬಂದಂಗ ಬೈದ್ನೆಲ್ರಿ."

ಅವಳೇ ಹೇಳಿದಳು. ನೆರೆಮನೆಯವರು ನಮ್ಮ ರೊಟ್ಟಿಯ ಪಾಕೀಟು ತಂದಿದ್ದರಂತೆ. ಲೇಬಲ್ಲಿನ ಮೇಲೆ ಪೆನ್ನಿನಿಂದ ಹೊಡೆದುಹಾಕಿದ ನಂಬರನ್ನು ಬೆಳಕಿಗೆ ಹಿಡಿದು ಓದಿದರೆ ತನ್ನದೇ ನಂಬರು.

"ನೀವ ಹೇಳಿದ್ದ ಖರೇನ ಇತ್ತಲ್ರಿ. ಭಾಳ ಕೆಟ್ಟ ಅನಸ್ತ್ರಿ ನನಗ. ಅವತ್ತ ಬಂದ ಓಟಿಪಿ ಅಳಿಸಿಲ್ರಿ, ಹಂಗ ಇಟ್ಟೇನಿ. ಹೇಳ್ಲೇನ್ರಿ?"

ಅದು ಹತ್ತು ನಿಮಿಷಕ್ಕೆ ಸತ್ತುಹೋಗುವ ಸಂಖ್ಯೆ ಎಂದು ಅವಳಿಗೆ ಹೇಳಬಹುದಿತ್ತು. ಹೆಸರೇ ಹೋಯಿತು ಎಂದೂ ಹೇಳಬಹುದಿತ್ತು.

"ಹೇಳವಾ," ಎಂದೆ.

ಅವಳು ಒಂದೊಂದೇ ಅಂಕಿ ಹೇಳಿದಳು, ನಿಧಾನವಾಗಿ, ನಾನು ಬರೆದುಕೊಳ್ಳಲಿ ಎಂದು ನಡುನಡುವೆ ನಿಲ್ಲಿಸುತ್ತ. ಹತ್ತಿರ ಕಾಗದವಿರಲಿಲ್ಲ. ಹಲಗೆಯ ಮೇಲೆ ಉದುರಿಸಿದ ಹಿಟ್ಟಿನಲ್ಲಿ ಬೆರಳಿನಿಂದ ಬರೆದೆ. ಆರೂ ಅಂಕಿ ಬಂದವು.

"ಬರಕೊಂಡ್ರೇನ್ರಿ? ಈಗ ನಿಮ್ಮ ಹೆಸರ ನಿಮಗ ಸಿಗತೈತಿಲ್ರಿ?"

"ಸಿಗತೈತವಾ," ಎಂದೆ.

ಅವಳು ಸಮಾಧಾನದಿಂದ ಫೋನು ಇಟ್ಟಳು. ಪರದೆಯ ಮೇಲೆ ಅಕ್ಕನ ಮುಖ ಇನ್ನೊಂದು ಗಳಿಗೆ ಇದ್ದು ಆರಿತು. ಹಂಚು ಕಾದಿತ್ತು. ಹಿಟ್ಟಿನ ಉಂಡೆಯನ್ನು ಆ ಅಂಕಿಗಳ ಮೇಲೆಯೇ ಇಟ್ಟು ರೊಟ್ಟಿ ಬಡಿದೆ.